ಮಿಷನ್ ಆಸ್ಪತ್ರೆಯ ಹೆರಿಗೆ ದಾಖಲೆ, 517 ಜನ, ಮತ್ತು ಲೆಕ್ಕಕ್ಕೆ ಸಿಗದ ಮಂಡ್ಯ

(ಪಾಡ್‌ಕಾಸ್ಟ್ ಕಂತಿನ ಅಕ್ಷರ ರೂಪ)

ಇವತ್ತಿನ ಕಂತಿನಲ್ಲಿ ರಾಜರಿಲ್ಲ, ಯುದ್ಧ ಇಲ್ಲ, ಕೋಟೆನೂ ಇಲ್ಲ. ಇರೋದು ಮೈಸೂರಿನ ಒಂದು ಆಸ್ಪತ್ರೆಯ ಹಳೇ ಹೆರಿಗೆ ದಾಖಲೆ, ಮತ್ತೆ ಆ ದಾಖಲೆಯಿಂದ ಹುಟ್ಟಿದ ಒಂದು ವೈದ್ಯಕೀಯ ಲೇಖನದ ಸಾರಾಂಶ. ಲೇಖನದ ತಲೆಮೇಲೆ ಒಂದು ಪ್ಯಾರಾ ಇರುತ್ತಲ್ಲ, ಅದು. ಪೂರ್ತಿ ಲೇಖನ ಐದು ಪುಟ. ಆದ್ರೆ ಜಗತ್ತಿನಲ್ಲಿ ಅದನ್ನ ಓದಿದ ಹೆಚ್ಚಿನವರು ಓದಿರೋದು ಆ ಒಂದು ಪ್ಯಾರಾ ಮಾತ್ರ. ಹಾಗಾಗಿ ಆ ಪ್ಯಾರಾದಲ್ಲಿ ಏನಿದೆ, ಏನಿಲ್ಲ, ಮಂಡ್ಯ, ಮದ್ದೂರು, ಮಳವಳ್ಳಿ ಕಡೆಯವರಾದ ನಮಗೂ ಅದಕ್ಕೂ ಏನು ನಂಟು ಅಂತ ಸ್ವಲ್ಪ ನಿಧಾನವಾಗಿ ನೋಡೋಣ.

ಮೊದಲು ಆಸ್ಪತ್ರೆ. ಮೈಸೂರಿನ ಮಂಡಿ ಮೊಹಲ್ಲಾದಲ್ಲಿರೋ ಹೋಲ್ಡ್ಸ್‌ವರ್ತ್ ಮೆಮೋರಿಯಲ್ ಆಸ್ಪತ್ರೆ. ಈ ಹೆಸರು ಹೇಳಿದ್ರೆ ನಮ್ಮ ಕಡೆ ಅರ್ಧ ಜನಕ್ಕೆ ಗೊತ್ತಾಗಲ್ಲ. 'ಮಿಷನ್ ಆಸ್ಪತ್ರೆ' ಅನ್ನಿ, ಎಲ್ಲರಿಗೂ ಗೊತ್ತು. ಇಪ್ಪತ್ತನೇ ಶತಮಾನದ ಶುರುವಿನಲ್ಲಿ ವೆಸ್ಲಿಯನ್ ಮಿಷನ್‌ನವರು ಕಟ್ಟಿದ್ದು. ಈಗ ಚರ್ಚ್ ಆಫ್ ಸೌತ್ ಇಂಡಿಯಾದ ಕೈಯಲ್ಲಿದೆ. ಅಲ್ಲಿನ ಹೆರಿಗೆ ವಾರ್ಡಿನ ದಾಖಲೆಗಳು 1934ರಿಂದ ಉಳಿದುಕೊಂಡಿವೆ. ಮಗುವಿನ ತೂಕ ಪೌಂಡಿನಲ್ಲಿ, ಉದ್ದ, ತಲೆಯ ಸುತ್ತಳತೆ, ತಾಯಿಯ ತೂಕ. ಅಷ್ಟೇ ಅಲ್ಲ, ತಾಯಿಯ ಸೊಂಟದ ಮೂಳೆಯ ಅಳತೆ ಕೂಡ. ಹೆರಿಗೆ ಕಷ್ಟ ಆಗುತ್ತೋ ಇಲ್ಲವೋ ಅಂತ ಮೊದಲೇ ಅಂದಾಜು ಮಾಡೋಕೆ ಆ ಕಾಲದ ಡಾಕ್ಟರುಗಳು ಅದನ್ನ ಅಳೀತಿದ್ರು. ಬರೆದಿಟ್ಟವರಿಗೆ ಅರವತ್ತು ವರ್ಷ ಆದಮೇಲೆ ಇದನ್ನ ಯಾರೋ ಓದ್ತಾರೆ ಅನ್ನೋ ಅಂದಾಜು ಇರೋಕೆ ಸಾಧ್ಯವೇ ಇಲ್ಲ. ದಿನದ ಕೆಲಸ, ಬರೆದ್ರು.

1934 ಅಂದ್ರೆ ನಮ್ಮ ಕಡೆಗೆ ಎಂಥ ಕಾಲ ಅಂತ ನೆನಪಿಸಿಕೊಳ್ಳಿ. ಕನ್ನಂಬಾಡಿ ಅಣೆಕಟ್ಟು ಮುಗಿದು ಇರ್ವಿನ್ ನಾಲೆಯಲ್ಲಿ, ಅಂದ್ರೆ ಈಗಿನ ವಿಶ್ವೇಶ್ವರಯ್ಯ ನಾಲೆಯಲ್ಲಿ, ನೀರು ಬರೋಕೆ ಶುರುವಾಗಿ ಇನ್ನೂ ಎರಡು ಮೂರು ವರ್ಷ. ಮಂಡ್ಯದ ಸಕ್ಕರೆ ಕಾರ್ಖಾನೆ ಆಗಷ್ಟೇ ಕಬ್ಬು ಅರೆಯೋಕೆ ಶುರುಮಾಡಿತ್ತು. ಮಂಡ್ಯ ಜಿಲ್ಲೆ ಅನ್ನೋದೇ ಇರಲಿಲ್ಲ! ಅದು ಬೇರೆಯಾಗಿದ್ದು 1939ರಲ್ಲಿ. ಅಂದ್ರೆ ಆ ದಾಖಲೆಯ ಮೊದಲ ಪುಟಗಳ ಕಾಲಕ್ಕೆ ಮಂಡ್ಯ, ಮದ್ದೂರು, ಮಳವಳ್ಳಿ ಎಲ್ಲಾ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಹೆಚ್ಚಿನ ಹೆರಿಗೆ ಆಗ್ತಿದ್ದದ್ದು ಮನೆಯಲ್ಲೇ, ಸೂಲಗಿತ್ತಿಯ ಕೈಯಲ್ಲೇ. ಕಷ್ಟ ಅನ್ನಿಸಿದವರು, ಅನುಕೂಲ ಇದ್ದವರು, ಪಟ್ಟಣದಲ್ಲಿ ನೆಂಟರಿದ್ದವರು ಆಸ್ಪತ್ರೆಗೆ ಹೋಗ್ತಿದ್ರು. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಈಗ ಕಥೆ ಸ್ವಲ್ಪ ಇಂಗ್ಲೆಂಡಿಗೆ ಹೋಗಬೇಕು. ಅಲ್ಲಿನ ಹರ್ಟ್‌ಫರ್ಡ್‌ಶೈರ್ ಅನ್ನೋ ಕೌಂಟಿಯಲ್ಲಿ 1911ರಿಂದ ಹುಟ್ಟಿದ ಮಕ್ಕಳ ತೂಕವನ್ನ ದಾದಿಯರು ಲೆಡ್ಜರಿನಲ್ಲಿ ಬರೆದಿಟ್ಟಿದ್ರು. ಎತೆಲ್ ಮಾರ್ಗರೆಟ್ ಬರ್ನ್‌ಸೈಡ್ ಅನ್ನೋ ಹೆಣ್ಣುಮಗಳು ಆ ವ್ಯವಸ್ಥೆ ಕಟ್ಟಿದ್ದು. ಸೌತಾಂಪ್ಟನ್‌ನ ಡೇವಿಡ್ ಬಾರ್ಕರ್ ಮತ್ತು ಜೊತೆಗಾರರು ಆ ಲೆಡ್ಜರುಗಳನ್ನ ಹುಡುಕಿ, 1911ರಿಂದ 1930ರ ನಡುವೆ ಹುಟ್ಟಿದ 5654 ಗಂಡಸರು ಮುಂದೆ ಏನಾದರು ಅಂತ ನೋಡಿ, 1989ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ಹುಟ್ಟಿದಾಗ ಮತ್ತು ಒಂದು ವರ್ಷಕ್ಕೆ ತೂಕ ಕಡಿಮೆ ಇದ್ದವರಲ್ಲಿ ಹೃದ್ರೋಗದಿಂದ ಸತ್ತವರು ಜಾಸ್ತಿ ಇದ್ರು. ಹೃದಯದ ಕಾಯಿಲೆ ಅಂದ್ರೆ ಬೀಡಿ, ಬೊಜ್ಜು, ಕೊಬ್ಬು ಅಂತಿದ್ದ ಕಾಲದಲ್ಲಿ, ಅದರ ಬೇರು ಬಸುರಿನಲ್ಲಿದೆ ಅಂತ ಹೇಳಿದ್ರೆ ಯಾರು ನಂಬ್ತಾರೆ? ಬಹಳ ಜನ ನಂಬಲಿಲ್ಲ. ಬಡವರ ಮಕ್ಕಳು ಸಣ್ಣಗೆ ಹುಟ್ತಾರೆ, ಬಡವರಾಗೇ ಬೆಳೀತಾರೆ, ಅದಕ್ಕೆ ಕಾಯಿಲೆ ಬರುತ್ತೆ, ಇದರಲ್ಲಿ ಬಸುರಿನದೇನಿದೆ ಅನ್ನೋ ಆಕ್ಷೇಪ ಬಂತು. ಸರಿಯಾದ ಆಕ್ಷೇಪವೇ. ಇನ್ನೊಂದು ದೇಶದಲ್ಲಿ, ಇನ್ನೊಂದು ಥರದ ಬದುಕಿನಲ್ಲಿ ಇದೇ ಕಾಣುತ್ತಾ ಅಂತ ನೋಡಬೇಕಿತ್ತು. ಅದಕ್ಕೆ ಹಳೇ ಹೆರಿಗೆ ದಾಖಲೆ ಬೇಕು. ಇಂಡಿಯಾದಲ್ಲಿ ಅಂಥದ್ದು ಎಲ್ಲಿದೆ? ಮೈಸೂರಿನ ಮಿಷನ್ ಆಸ್ಪತ್ರೆಯಲ್ಲಿತ್ತು.

ದಾಖಲೆ ಇದ್ದ ಮಾತ್ರಕ್ಕೆ ಜನ ಸಿಗಲ್ಲ. ಹುಟ್ಟಿದ ದಿನ ಮಗುವಿಗೆ ನಮ್ಮಲ್ಲಿ ಹೆಸರೆಲ್ಲಿರುತ್ತೆ? ನಾಮಕರಣ ಆಮೇಲೆ. ತಾಯಿ ತಂದೆಯ ಹೆಸರು, ಹುಟ್ಟಿದ ದಿನ, ಇವನ್ನ ಇಟ್ಟುಕೊಂಡು ಆಸ್ಪತ್ರೆಯ ಸುತ್ತಮುತ್ತಲಿನ ಮನೆಗಳಲ್ಲಿ ವಿಚಾರಿಸಿ, ನೀವು ಎಲ್ಲಿ ಹುಟ್ಟಿದ್ದು, ಯಾವಾಗ ಹುಟ್ಟಿದ್ದು ಅಂತ ಕೇಳಿ, ದಾಖಲೆಗೆ ತಾಳೆ ಹಾಕಬೇಕು. 1990ರ ದಶಕದಲ್ಲಿ ಆ ಕೆಲಸ ಆಯ್ತು. ಕ್ಲಾಡಿಯಾ ಸ್ಟೈನ್, ಕ್ಯಾರೊಲಿನ್ ಫಾಲ್, ಕೆ. ಕುಮಾರನ್ ಮತ್ತಿತರರು ಬಾರ್ಕರ್ ಜೊತೆ ಸೇರಿ ಬರೆದ ಲೇಖನ 1996ರ ನವೆಂಬರಿನಲ್ಲಿ ಲ್ಯಾನ್ಸೆಟ್‌ನಲ್ಲಿ ಬಂತು.

ಈಗ ಸಾರಾಂಶಕ್ಕೆ ಬರೋಣ. ಅದಕ್ಕಿಂತ ಮುಂಚೆ ಒಂದು ಮಾತು. ಹಳೇ ಕಾಲದ ವೈದ್ಯ ಲೇಖನಗಳಲ್ಲಿ ಸಾರಾಂಶ ಅಂದ್ರೆ ಲೇಖಕರ ಇಷ್ಟ. ಕೊನೆಯಲ್ಲಿ ನಾಲ್ಕು ಮಾತು ಬರೆದ್ರೂ ಆಯ್ತು. ಅಂಕಿ ಅಂಶದ ಪಂಡಿತ ಬ್ರಾಡ್‌ಫರ್ಡ್ ಹಿಲ್ 1965ರಲ್ಲೇ ಹೇಳಿದ್ದರು: ಓದುಗನಿಗೆ ಬೇಕಾಗಿರೋದು ಯಾಕೆ ಶುರುಮಾಡಿದ್ರಿ, ಏನು ಮಾಡಿದ್ರಿ, ಏನು ಸಿಕ್ತು, ಅದರ ಅರ್ಥ ಏನು ಅನ್ನೋ ನಾಲ್ಕಕ್ಕೆ ಉತ್ತರ ಅಂತ. 1987ರಲ್ಲಿ ಅಮೆರಿಕದ ಆನಲ್ಸ್ ಆಫ್ ಇಂಟರ್ನಲ್ ಮೆಡಿಸಿನ್ ಪತ್ರಿಕೆಯಲ್ಲಿ ಸಾರಾಂಶಕ್ಕೇ ಕಂಬ ಹಾಕಿ ಅಂಕಣ ಕಟ್ಟಬೇಕು ಅನ್ನೋ ಪ್ರಸ್ತಾಪ ಬಂತು. ಮೈಸೂರಿನ ಲೇಖನ ಬರೋ ಹೊತ್ತಿಗೆ ಲ್ಯಾನ್ಸೆಟ್‌ನಲ್ಲಿ ಅದು ಪದ್ಧತಿ ಆಗಿತ್ತು: ಹಿನ್ನೆಲೆ, ವಿಧಾನ, ಕಂಡದ್ದು, ವ್ಯಾಖ್ಯಾನ. 'ಕಂಡದ್ದು' ಬೇರೆ, 'ವ್ಯಾಖ್ಯಾನ' ಬೇರೆ. ನನಗೆ ಈ ಬೇಲಿ ಬಹಳ ಇಷ್ಟ. ನಮ್ಮ ಪಂಚಾಯ್ತಿ ಕಟ್ಟೆಯಲ್ಲೂ ಇಂಥದ್ದೊಂದು ಇದ್ದಿದ್ರೆ ಅರ್ಧ ಜಗಳ ಇರ್ತಿರಲಿಲ್ಲ.

ಹಿನ್ನೆಲೆ ಹೇಳೋದು: ಇಂಡಿಯಾದಲ್ಲಿ ಹೃದ್ರೋಗ ಬೇಗನೆ ದೊಡ್ಡ ಸಾವಿನ ಕಾರಣ ಆಗಲಿದೆ, ಈಗ ಗೊತ್ತಿರೋ ಕಾರಣಗಳು ಅದನ್ನ ಪೂರ್ತಿ ವಿವರಿಸಲ್ಲ. ವಿಧಾನ ಹೇಳೋದು: 1934ರಿಂದ 1954ರ ನಡುವೆ ಮೈಸೂರಿನ ಒಂದು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದ, ಈಗಲೂ ಆ ಆಸ್ಪತ್ರೆಯ ಹತ್ತಿರವೇ ವಾಸವಾಗಿರೋ 517 ಗಂಡಸರು ಮತ್ತು ಹೆಂಗಸರನ್ನ ಪರೀಕ್ಷಿಸಿದೆವು. ಕಂಡದ್ದು: 25 ಗಂಡಸರಲ್ಲಿ, ಅಂದ್ರೆ ನೂರಕ್ಕೆ 9, ಮತ್ತು 27 ಹೆಂಗಸರಲ್ಲಿ, ಅಂದ್ರೆ ನೂರಕ್ಕೆ 11, ಹೃದ್ರೋಗ ಇತ್ತು. ಹುಟ್ಟಿದಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ಇದ್ದವರಲ್ಲಿ ನೂರಕ್ಕೆ 11, 3.1 ಕಿಲೋ ಅಥವಾ ಹೆಚ್ಚು ಇದ್ದವರಲ್ಲಿ ನೂರಕ್ಕೆ 3. ಅತಿ ಹೆಚ್ಚು, ನೂರಕ್ಕೆ 20, ಎಲ್ಲಿ ಅಂದ್ರೆ ತಾನು ಎರಡೂವರೆ ಕಿಲೋ ಒಳಗೆ ಹುಟ್ಟಿ, ತಾಯಿಯ ತೂಕ ಬಸುರಿನಲ್ಲಿ 45 ಕಿಲೋಗಿಂತ ಕಡಿಮೆ ಇದ್ದವರಲ್ಲಿ.

ಇದನ್ನ ಯಾರಾದ್ರೂ ಮೊಬೈಲಿನಲ್ಲಿ ಒಂದು ಸಾಲು ಮಾಡಿ ಕಳಿಸಿದ್ರೆ ಹೇಗಿರುತ್ತೆ ಅಂತ ಊಹಿಸಿ: 'ಹುಟ್ಟಿದಾಗ ತೂಕ ಕಡಿಮೆ ಇದ್ದರೆ ಹೃದಯಾಘಾತ.' ಸಾರಾಂಶ ಹಾಗೆ ಹೇಳ್ತಿಲ್ಲ. ಒಂದೊಂದಾಗಿ ನೋಡಿ.

517ರಲ್ಲಿ ಒಟ್ಟು ಕಾಯಿಲೆ ಇದ್ದವರು 25 ಮತ್ತು 27, ಅಂದ್ರೆ 52. ನೂರಕ್ಕೆ ಹತ್ತು. ಸಣ್ಣಗೆ ಹುಟ್ಟಿದವರಲ್ಲಿ ಹನ್ನೊಂದು. ಹತ್ತಕ್ಕೂ ಹನ್ನೊಂದಕ್ಕೂ ಏನು ಮಹಾ ವ್ಯತ್ಯಾಸ? ಕಣ್ಣಿಗೆ ಹೊಡೆಯೋ ಸಂಖ್ಯೆ ಹನ್ನೊಂದಲ್ಲ, ಆ ಮೂರು. ಚೆನ್ನಾಗಿ ತೂಕ ಇಟ್ಟುಕೊಂಡು ಹುಟ್ಟಿದವರಲ್ಲಿ ಕಾಯಿಲೆ ಅಷ್ಟು ಕಡಿಮೆ ಇತ್ತು ಅನ್ನೋದು ನಿಜವಾದ ಸುದ್ದಿ. ಹೆದರಿಸೋ ಸುದ್ದಿ ಬೇಗ ಓಡುತ್ತೆ, ಹಾಗಾಗಿ ಎಲ್ಲರ ಬಾಯಿಗೂ ಹನ್ನೊಂದು ಬಂತು.

ಎರಡನೇದು, ಲೇಖಕರು ಸಾರಾಂಶದಲ್ಲೇ ಪ್ರಾಮಾಣಿಕವಾಗಿ ಬರೆದಿದ್ದಾರೆ: ಈ ಇಳಿಕೆ ಸಂಖ್ಯಾಶಾಸ್ತ್ರದ ಪರೀಕ್ಷೆಯಲ್ಲಿ ಗಟ್ಟಿಯಾಗಿ ನಿಂತದ್ದು 45 ವರ್ಷ ಮತ್ತು ಮೇಲ್ಪಟ್ಟವರಲ್ಲಿ. ಎಲ್ಲರನ್ನೂ ಸೇರಿಸಿದಾಗ ಅಷ್ಟು ಗಟ್ಟಿ ಇರಲಿಲ್ಲ. ಇದನ್ನ ಬಚ್ಚಿಡಬಹುದಿತ್ತು. ಒಳಗಿನ ಯಾವುದೋ ಕೋಷ್ಟಕದಲ್ಲಿ ಹಾಕಿ ಸುಮ್ಮನಿರಬಹುದಿತ್ತು. ಇನ್ನು ಆ ನೂರಕ್ಕೆ 20 ಅನ್ನೋದು ಎಷ್ಟು ಜನರಲ್ಲಿ ಅನ್ನೋದು ಸಾರಾಂಶದಲ್ಲಿ ಇಲ್ಲ. ಅದಕ್ಕೆ ಒಳಗೆ ಹೋಗಲೇಬೇಕು. ಗುಂಪು ಸಣ್ಣದಾದಷ್ಟೂ ನೂರಕ್ಕೆ ಇಷ್ಟು ಅನ್ನೋದು ಹಾರಾಡುತ್ತೆ. ಹತ್ತು ಜನರಲ್ಲಿ ಇಬ್ಬರು ಅಂದ್ರೂ ನೂರಕ್ಕೆ ಇಪ್ಪತ್ತೇ.

ಮೂರನೇದು ಭಾಷೆಯದು, ನಮ್ಮ ಕನ್ನಡದ್ದೇ ಒಂದು ತೊಡಕು. ಲೇಖನ ಹೇಳೋದು ಇದಕ್ಕೂ ಅದಕ್ಕೂ ನಂಟು ಕಂಡಿತು ಅಂತ. ನಾವು ಮಾತಾಡುವಾಗ 'ಇಂದ' ಅನ್ನೋ ಪ್ರತ್ಯಯ ತಾನಾಗೇ ನುಗ್ಗಿಬಿಡುತ್ತೆ. 'ತೂಕ ಕಡಿಮೆ ಇದ್ದದ್ದರಿಂದ ಕಾಯಿಲೆ ಬಂತು.' ಆ ಎರಡಕ್ಷರ ಸೇರಿದ ತಕ್ಷಣ ನಂಟು ಹೋಗಿ ಕಾರಣ ಆಗಿಬಿಡ್ತು. ಜೊತೆಗೆ 'ಕಾಯಿಲೆ ಇತ್ತು' ಅನ್ನೋದು 'ಕಾಯಿಲೆ ಬರುತ್ತೆ' ಆಗುತ್ತೆ. ಆ ಲೇಖನದಲ್ಲಿರೋದು ಪರೀಕ್ಷೆ ಮಾಡಿದ ದಿನ ಎಷ್ಟು ಜನರಲ್ಲಿ ಇತ್ತು ಅನ್ನೋ ಲೆಕ್ಕ. ಇಸಿಜಿ ತೆಗೆದು, ಎದೆನೋವಿನ ಪ್ರಶ್ನೆ ಕೇಳಿ ಗೊತ್ತುಮಾಡಿಕೊಂಡ ಲೆಕ್ಕ. ಆ ದಿನಕ್ಕೆ ಮುಂಚೆಯೇ ಎದೆ ಹಿಡ್ಕೊಂಡು ತೀರಿಹೋದವರು ಅದರಲ್ಲಿ ಹೇಗೆ ಸಿಗ್ತಾರೆ?

ಇಲ್ಲಿಗೆ ನಾನು ಮೊದಲಿಂದ ಹೇಳಬೇಕು ಅಂತಿದ್ದ ಮಾತಿಗೆ ಬಂದೆ. 'ಈಗಲೂ ಆಸ್ಪತ್ರೆಯ ಹತ್ತಿರವೇ ವಾಸವಾಗಿರೋ.' ಇಡೀ ಸಾರಾಂಶದಲ್ಲಿ ನಮ್ಮ ಮಂಡ್ಯ ಸೀಮೆಯವರು ನಿಂತು ಓದಬೇಕಾದ ಮಾತು ಇದು. 1940ರಲ್ಲಿ ಮಳವಳ್ಳಿಯಿಂದಲೋ ಮದ್ದೂರಿಂದಲೋ ಹೆರಿಗೆಗೆ ಅಂತ ಒಬ್ಬ ತಾಯಿ ಮೈಸೂರಿಗೆ ಹೋಗಿ, ಅಲ್ಲಿ ಮಗು ಹೆತ್ತು, ಬಾಣಂತನ ಮುಗಿಸಿ ಊರಿಗೆ ವಾಪಸ್ ಬಂದಿದ್ರೆ, ಆ ಮಗುವಿನ ತೂಕ ದಾಖಲೆಯಲ್ಲಿರುತ್ತೆ. ಆದ್ರೆ ಆ ಮಗು 517ರಲ್ಲಿ ಇರಲ್ಲ. ಮನೆ ಮನೆ ಹುಡುಕಾಟ ನಡೆದದ್ದು ಆಸ್ಪತ್ರೆಯ ಸುತ್ತ. ಹಳ್ಳಿಗೆ ಹಿಂತಿರುಗಿದವರು ಮೊದಲ ಜರಡಿಯಲ್ಲೇ ಬಿದ್ದುಹೋದರು. ಹೀಗೆ ಜರಡಿ ಮೂರಾಯ್ತು. ಮನೆಯಲ್ಲಿ ಹೆರದೆ ಆಸ್ಪತ್ರೆಗೆ ಹೋದವರ ಮಕ್ಕಳು ಮಾತ್ರ. ಅವರಲ್ಲಿ ಪಟ್ಟಣದಲ್ಲೇ ಉಳಿದವರು ಮಾತ್ರ. ಅವರಲ್ಲಿ 1990ರ ದಶಕದ ತನಕ ಬದುಕಿದ್ದವರು ಮಾತ್ರ.

ಇದು ಲೇಖಕರ ತಪ್ಪು ಅಂತ ನಾನು ಹೇಳ್ತಿಲ್ಲ. ತದ್ವಿರುದ್ಧ. ಅವರು ಅದನ್ನ ಬಚ್ಚಿಡದೆ ಸಾರಾಂಶದ ಎರಡನೇ ಕಂಬದಲ್ಲೇ ಹೇಳಿದ್ದಾರೆ. ಅದನ್ನ ಮುಂದೆ ಹೇಳಿದವರು, ಪಾಠ ಮಾಡಿದವರು, ಭಾಷಣ ಮಾಡಿದವರು 'ದಕ್ಷಿಣ ಭಾರತದಲ್ಲಿ' ಅನ್ನೋದನ್ನ ಉಳಿಸಿಕೊಂಡು 'ಆಸ್ಪತ್ರೆಯ ಹತ್ತಿರ' ಅನ್ನೋದನ್ನ ಕೈಬಿಟ್ಟರು. ಶೀರ್ಷಿಕೆಯಲ್ಲಿ ದಕ್ಷಿಣ ಭಾರತ ಇತ್ತು ನೋಡಿ. ಶೀರ್ಷಿಕೆ ದೊಡ್ಡದು ಮಾತಾಡ್ತು, ವಿಧಾನ ಸಣ್ಣದನ್ನ ಮಾತಾಡ್ತು. ಜನ ಶೀರ್ಷಿಕೆ ನಂಬಿದ್ರು.

ಯಾಕೆ ಇದು ಬರೀ ಪಂಡಿತರ ಜಗಳ ಅಲ್ಲ ಅಂದ್ರೆ, ಆ ಎರಡೂವರೆ ಕಿಲೋ ಅನ್ನೋ ಗೆರೆ ಈಗ ನಮ್ಮ ಹಳ್ಳಿಗಳಲ್ಲಿ ಬದುಕ್ತಾ ಇದೆ. ತಾಯಿ ಕಾರ್ಡಿನಲ್ಲಿ ಇದೆ, ಅಂಗನವಾಡಿಯ ತಕ್ಕಡಿಯಲ್ಲಿ ಇದೆ. ಮಳವಳ್ಳಿ ಕಡೆಯ ಒಬ್ಬ ಆಶಾ ಕಾರ್ಯಕರ್ತೆ ಜೊತೆ ಮಾತಾಡ್ತಾ, 'ಏನಕ್ಕಾ, ಕೂಸು ಎಷ್ಟು ತೂಗ್ತು?' ಅಂದೆ. 'ಎರಡೂವರೆ ಬಂತು ಕಣಣ್ಣ, ಗೆದ್ವಿ' ಅಂದ್ರು. ಪರೀಕ್ಷೆಯಲ್ಲಿ 35 ಬಂದ ಹಾಗೆ! 2.45 ಬಂದಿದ್ರೆ? ಸೊಸೆ ಮೇಲೆ ಅತ್ತೆಯ ಮಾತು ಶುರು. ನಮ್ಮ ಕಡೆ ಎರಡೂ ಥರದ ಬೈಗುಳ ಇದೆ. ಬಸುರಿ ಜಾಸ್ತಿ ಉಂಡ್ರೆ 'ಮಗು ದಪ್ಪ ಆಗುತ್ತೆ, ಹೆರಿಗೆ ಕಷ್ಟ ಆಗುತ್ತೆ, ಸ್ವಲ್ಪ ಕಡಿಮೆ ಉಣ್ಣು' ಅಂತ. ಮಗು ಸಣ್ಣದಾದ್ರೆ 'ಸರಿಯಾಗಿ ಉಣ್ಣಲಿಲ್ಲ' ಅಂತ. ಲೇಖನದ ವ್ಯಾಖ್ಯಾನದ ಕಂಬದಲ್ಲಿ ಇರೋದು ಒಂಬತ್ತು ತಿಂಗಳ ಊಟದ ಬೈಗುಳ ಅಲ್ಲ. ಈ ಕಾಯಿಲೆ ತಡೆಯೋಕೆ ಎಳೆವಯಸ್ಸಿನ ಹೆಣ್ಣುಮಕ್ಕಳ ಪೋಷಣೆ ಮತ್ತು ಆರೋಗ್ಯ ಸುಧಾರಿಸಬೇಕಾಗಬಹುದು ಅನ್ನೋ ಮಾತು. 45 ಕಿಲೋ ಇಲ್ಲದ ತಾಯಿ ಬಸುರಾದ ದಿನ ತೆಳ್ಳಗಾದವಳಲ್ಲ. ಅವಳು ಹುಡುಗಿಯಾಗಿದ್ದಾಗ ಅಣ್ಣತಮ್ಮಂದಿರ ತಟ್ಟೆಗೆ ಹೋದ ತುಪ್ಪ, ಮೊಟ್ಟೆ ಅವಳ ತಟ್ಟೆಗೆ ಬಿದ್ದಿತ್ತಾ ಅನ್ನೋದರಿಂದ ಲೆಕ್ಕ ಶುರುವಾಗಬೇಕು.

ಹಾಗಂದ್ರೆ ಎಲ್ಲರನ್ನೂ ದಪ್ಪ ಮಾಡಿದ್ರೆ ಸರಿಹೋಗುತ್ತಾ? ಎರಡು ವರ್ಷ ಆದಮೇಲೆ, 1998ರಲ್ಲಿ, ಹೆಚ್ಚುಕಮ್ಮಿ ಅದೇ ತಂಡ ಡಯಾಬೆಟಿಕ್ ಮೆಡಿಸಿನ್ ಪತ್ರಿಕೆಯಲ್ಲಿ ಇನ್ನೊಂದು ಲೇಖನ ಬರೀತು. ಈ ಸಲ ಸಕ್ಕರೆ ಕಾಯಿಲೆ. ಅದೇ ದಾಖಲೆಯ 506 ಜನ. ಇಂಗ್ಲೆಂಡಿನಲ್ಲಿ ಕಂಡಿದ್ದು ಸಣ್ಣಗೆ ಹುಟ್ಟಿದವರಲ್ಲಿ ಸಕ್ಕರೆ ಕಾಯಿಲೆ ಜಾಸ್ತಿ ಅಂತ. ಮೈಸೂರಿನಲ್ಲಿ ಹಾಗೆ ಕಾಣಲಿಲ್ಲ. ಇಲ್ಲಿ ಜಾಸ್ತಿ ಇದ್ದದ್ದು ಹುಟ್ಟಿದಾಗ ಉದ್ದ ಕಡಿಮೆ ಇದ್ದು, ಉದ್ದಕ್ಕೆ ಹೋಲಿಸಿದ್ರೆ ಗುಂಡುಗುಂಡಾಗಿದ್ದವರಲ್ಲಿ. ಜೊತೆಗೆ ಬಸುರಿನಲ್ಲಿ ಹೆಚ್ಚು ತೂಕ ಇದ್ದ, ಸೊಂಟದ ಅಳತೆ ದೊಡ್ಡದಿದ್ದ ತಾಯಂದಿರ ಮಕ್ಕಳಲ್ಲಿ. ಹೆರಿಗೆಯ ಕಷ್ಟ ಅಂದಾಜು ಮಾಡೋಕೆ ಅಂತ ಅಳೆದ ಮೂಳೆಯ ಲೆಕ್ಕ ಅರವತ್ತು ವರ್ಷ ಆದಮೇಲೆ ಸಕ್ಕರೆ ಕಾಯಿಲೆಯ ಲೇಖನದಲ್ಲಿ ಬಂದು ಕೂತಿತು.

ಈ ಎರಡನೇ ಸಾರಾಂಶ ನನಗೆ ಮೊದಲನೇದಕ್ಕಿಂತ ದೊಡ್ಡದು ಅನ್ನಿಸುತ್ತೆ. ತಮ್ಮದೇ ಗುಂಪಿನ ದೊಡ್ಡ ವಾದಕ್ಕೆ ಸರಿಯಾಗಿ ಹೊಂದದ ಫಲಿತಾಂಶ ಅದು. ಬಾರ್ಕರ್ ಹೆಸರೂ ಆ ಲೇಖನದ ಮೇಲಿದೆ. ಪಶ್ಚಿಮದ ದೇಶಗಳಲ್ಲಿ ಕಂಡದ್ದಕ್ಕಿಂತ ಇಲ್ಲಿ ಬೇರೆ ಕಂಡಿತು ಅಂತ ಸಾರಾಂಶದಲ್ಲೇ ಎದುರಿಗಿಟ್ಟು ಬರೆದ್ರು. ಆಮೇಲೆ ಅದಕ್ಕೊಂದು ವಿವರಣೆಯನ್ನ, ವಿವರಣೆ ಅಂತಲೇ ಹೇಳಿ ಕೊಟ್ರು: ತಲೆಮಾರುಗಳಿಂದ ಬಸುರಿನಲ್ಲೇ ಕೊರತೆ ಉಂಡ ಮೈಗಳು, ಪಟ್ಟಣದ ಬದುಕಿಗೆ ಬಂದು ತೂಕ ಏರಿದಾಗ, ಆ ತಾಯಿಯ ರಕ್ತದಲ್ಲಿ ಸಕ್ಕರೆ ಏರಿ, ಅದು ಹೊಟ್ಟೆಯಲ್ಲಿರೋ ಮಗುವನ್ನೂ ತಟ್ಟುತ್ತೆ, ಹೀಗೆ ಕಾಯಿಲೆ ತಲೆಮಾರು ದಾಟುತ್ತೆ ಅಂತ.

ವಿವರಣೆ ಅಂದ್ಮೇಲೆ ಪರೀಕ್ಷೆ ಮಾಡಬೇಕು. ಹಳೇ ದಾಖಲೆಯಲ್ಲಿ ತಾಯಂದಿರ ರಕ್ತದ ಸಕ್ಕರೆ ಎಲ್ಲಿ ಸಿಗುತ್ತೆ? ಹಾಗಾಗಿ 1997–98ರಲ್ಲಿ ಅದೇ ಆಸ್ಪತ್ರೆಗೆ ಬರ್ತಿದ್ದ ಬಸುರಿಯರನ್ನ ಇಟ್ಟುಕೊಂಡು ಹೊಸ ಅಧ್ಯಯನ ಶುರುಮಾಡಿದ್ರು. ಅದರ ಹೆಸರು ಪಾರ್ಥೆನಾನ್ ಅಧ್ಯಯನ. 830 ಹೆಂಗಸರಿಗೆ ಗ್ಲುಕೋಸ್ ಕುಡಿಸಿ ಪರೀಕ್ಷೆ ಮಾಡಿದಾಗ ನೂರಕ್ಕೆ 6.2 ಜನರಲ್ಲಿ ಬಸುರಿನ ಸಕ್ಕರೆ ಕಾಯಿಲೆ ಇತ್ತು. ಆ ರಕ್ತದ ಮಾದರಿಗಳಿಂದಲೇ ಜಿ.ವಿ. ಕೃಷ್ಣವೇಣಿ ಮತ್ತು ಜೊತೆಗಾರರು 2009ರಲ್ಲಿ ಇನ್ನೊಂದು ವಿಷಯ ಹೊರಗಿಟ್ಟರು. 785 ಬಸುರಿಯರಲ್ಲಿ ನೂರಕ್ಕೆ 43 ಜನಕ್ಕೆ ವಿಟಮಿನ್ ಬಿ12 ಕೊರತೆ. ಫೋಲೇಟ್ ಕೊರತೆ ಬರೀ 4. ಸೊಪ್ಪು, ಕಾಳು, ಬಸ್ಸಾರು ಉಣ್ಣೋ ನಾಡಿನಲ್ಲಿ ಫೋಲೇಟ್ ಸಿಗುತ್ತೆ. ಬಿ12 ಬರೋದು ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಿಂದ. ಕೊರತೆ ಇದ್ದವರಲ್ಲಿ ಬಸುರಿನ ಸಕ್ಕರೆ ಕಾಯಿಲೆ ನೂರಕ್ಕೆ 8.7, ಇಲ್ಲದವರಲ್ಲಿ 4.6. ಇಲ್ಲೂ ಅದೇ ಎಚ್ಚರ: ಒಟ್ಟಿಗೆ ಕಂಡದ್ದು ಅದು. 'ಬಿ12 ಮಾತ್ರೆ ತಗೊಂಡ್ರೆ ಸಕ್ಕರೆ ಕಾಯಿಲೆ ಬರಲ್ಲ' ಅನ್ನೋದು ಆ ಲೇಖನದಲ್ಲಿಲ್ಲ. ಅದನ್ನ ಹೇಳಬೇಕಾದ್ರೆ ಮಾತ್ರೆ ಕೊಟ್ಟು, ಕೊಡದೆ, ಹೋಲಿಸಿ ನೋಡೋ ಬೇರೆಯೇ ಥರದ ಅಧ್ಯಯನ ಬೇಕು.

ಹಳೇ ದಾಖಲೆಯವರ ಕಥೆಯೂ ನಿಂತಿಲ್ಲ. 1990ರ ದಶಕದಿಂದ ಸಾವಿರಕ್ಕೂ ಹೆಚ್ಚು ಜನ ಪರೀಕ್ಷೆಗೆ ಬಂದ್ರು. 2013ರಿಂದ ಅವರಲ್ಲಿ 700ಕ್ಕೂ ಹೆಚ್ಚು ಜನರನ್ನ ಮತ್ತೆ ಕರೆದು, ಈ ಸಲ ನೆನಪಿನ ಶಕ್ತಿ, ಯೋಚನೆಯ ಚುರುಕು ನೋಡಿದ್ರು. ವಯಸ್ಸಾದಾಗಿನ ಮರೆವಿಗೂ ಹುಟ್ಟಿದಾಗಿನ ಅಳತೆಗೂ ನಂಟಿದೆಯಾ ಅನ್ನೋ ಪ್ರಶ್ನೆ. ಈಗ ಆ ಕೂಸುಗಳಲ್ಲಿ ಹಿರಿಯರಿಗೆ ತೊಂಬತ್ತು ದಾಟಿದೆ.

ನಿಮ್ಮ ಮನೆಯಲ್ಲಿ 1934ರಿಂದೀಚೆಗೆ ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿ ಆಮೇಲೆ ಮದ್ದೂರಿಗೋ ಕಿರುಗಾವಲಿಗೋ ಹಲಗೂರಿಗೋ ಬಂದು ಬೆಳೆದ ಅಜ್ಜ ಅಜ್ಜಿ ಇದ್ರೆ, ಅವರು ಹುಟ್ಟಿದಾಗ ಎಷ್ಟು ಪೌಂಡು ತೂಗ್ತಿದ್ರು, ಎಷ್ಟು ಉದ್ದ ಇದ್ರು ಅನ್ನೋದು ಮೈಸೂರಿನಲ್ಲಿ ಒಂದು ಸಾಲಾಗಿ ಬರೆದದ್ದಿರಬಹುದು. ಅವರ ಎದೆ ಹೇಗಿದೆ, ಸಕ್ಕರೆ ಎಷ್ಟಿದೆ ಅನ್ನೋದು ಇಲ್ಲಿ, ನಮ್ಮ ತಾಲ್ಲೂಕು ಆಸ್ಪತ್ರೆಯ ಚೀಟಿಯಲ್ಲಿದೆ. ಆ ಎರಡು ಕಾಗದ ಒಂದನ್ನೊಂದು ನೋಡಿಲ್ಲ.